ನೆಬ್ರಾಸ್ಕಾದ ಹುಲ್ಲು, ನಮ್ಮ ಕಾವಲು

ಇಲ್ಲಿ ಅಮೆರಿಕಾದಲ್ಲಿ ನಾಲ್ಕು ಜನ ಕನ್ನಡದವರು ಸೇರಿದ ಕಡೆ ದನದ ಮಾತು ಬಂತು ಅಂದ್ರೆ ಅದು ಹೋಗಿ ನಿಲ್ಲೋದು ಒಂದೇ ಜಾಗದಲ್ಲಿ, "ಇವ್ರಿಗೆ ದನ ಅಂದ್ರೆ ಬರೀ ಮಾಂಸ, ನಮಗೆ ಗೋಮಾತೆ". ನಾನೂ ಮಾಂಸ ತಿನ್ನೋನಲ್ಲ, ಸಂಕ್ರಾಂತಿಗೆ ದನದ ಮೈ ತೊಳೆದು ಕೊಂಬಿಗೆ ಬಣ್ಣ ಹಚ್ಚಿ ಕಿಚ್ಚು ಹಾಯಿಸೋದನ್ನ ನೋಡ್ಕೊಂಡೇ ಬೆಳೆದವನು, ಆದ್ರೂ ಈ ಮಾತನ್ನ ಈಗ ನನ್ ಕೈಲಿ ಒಪ್ಪೋಕಾಗ್ತಿಲ್ಲ. ನೆಬ್ರಾಸ್ಕಾ ರಾಜ್ಯದಲ್ಲಿ ಸ್ಯಾಂಡ್‌ಹಿಲ್ಸ್ ಅನ್ನೋ ಹುಲ್ಲುಗಾವಲಿನ ನಾಡಿದೆ, ಅದರೊಳಗೆ ಕಾರಲ್ಲಿ ಸುತ್ತಿ, ಅಲ್ಲಿ ದನ ಸಾಕೋರ ಜೊತೆ ಕೂತು ಮಾತಾಡಿ ಬಂದ ಮೇಲೆ ನನಗೆ ಅನ್ನಿಸಿದ್ದು ಇಷ್ಟು, ಯಾರಿಗೆ ದನದ ಮೇಲೆ ಅಕ್ಕರೆ ಇದೆ ಅಂತ ತಿಳ್ಕೋಬೇಕಾದ್ರೆ ದನ ತಿನ್ನೋ ಹುಲ್ಲನ್ನ ಯಾರು ಕಾಪಾಡ್ತಿದಾರೆ ಅಂತ ನೋಡ್ಬೇಕು. ಆ ಲೆಕ್ಕದಲ್ಲಿ ನಾವು ಕರ್ನಾಟಕದವರು ಬಹಳ ಹಿಂದೆ ಬಿದ್ದಿದೀವಿ. ಬೇಜಾರಾದ್ರೂ ಹೇಳ್ಲೇಬೇಕು.

ನಾವಿರೋದು ಒಮಾಹಾದಲ್ಲಿ. ಮೇ ಕೊನೆಯ ಮೆಮೋರಿಯಲ್ ಡೇ ರಜೆಗೆ ಎಲ್ಲರೂ ಕೊಲೊರಾಡೋ ಕಡೆ ಬೆಟ್ಟ ನೋಡೋಕೆ ಹೊರಟ್ರೆ ನಾವು ಗ್ರ್ಯಾಂಡ್ ಐಲೆಂಡ್ ಹತ್ರ ಇಂಟರ್‌ಸ್ಟೇಟ್ ಬಿಟ್ಟು ಹೈವೇ 2 ಹಿಡಿದ್ವಿ. ಅಲ್ಲಿಂದ ಅಲಯನ್ಸ್ ತನಕ 272 ಮೈಲಿ. ಬ್ರೋಕನ್ ಬೋ ಅನ್ನೋ ಊರು ಬರೋ ತನಕ ಮೆಕ್ಕೆಜೋಳ, ಸೋಯಾ, ಹೊಲದ ಮಧ್ಯೆ ಗುಂಡಗೆ ತಿರುಗೋ ನೀರಾವರಿ ಪೈಪು, ಇಷ್ಟೇ. ಅದು ದಾಟಿ ಸ್ವಲ್ಪ ದೂರ ಹೋದ್ರೆ ಉಳುಮೆ ಅನ್ನೋದೇ ಮುಗಿದುಹೋಗುತ್ತೆ. ಎಲ್ಲಿ ನೋಡಿದ್ರೂ ಏರಿ ಇಳಿಯೋ ದಿಬ್ಬ, ದಿಬ್ಬದ ಮೇಲೆಲ್ಲ ಹುಲ್ಲು, ಹುಲ್ಲಿನ ಮಧ್ಯೆ ಕಪ್ಪು ಆಂಗಸ್ ದನ, ಪಕ್ಕದಲ್ಲಿ ಮಿಡ್ಲ್ ಲೂಪ್ ನದಿ, ಅದಕ್ಕೆ ಅಂಟಿಕೊಂಡೇ ವಯೋಮಿಂಗ್ ಕಲ್ಲಿದ್ದಲು ಹೊತ್ತು ಬರೋ ಗೂಡ್ಸ್ ಗಾಡಿ, ಅದರ ಡಬ್ಬಿ ಎಣಿಸೋಕೆ ಹೋಗಿ ನಮ್ಮ ಮಗಳು ಅರ್ಧಕ್ಕೇ ಬಿಟ್ಟಳು. ಸೆನೆಕಾ ದಾಟಿ ಮಲ್ಲೆನ್ ಬರೋ ಹೊತ್ತಿಗೆ ಗಡಿಯಾರಾನೂ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ, ಅಲ್ಲಿಂದ ಮುಂದೆ ಮೌಂಟನ್ ಟೈಮ್.

ಈ ದಿಬ್ಬಗಳೆಲ್ಲ ಮರಳು. ಬರೀ ಮರಳು. ಗಾಳಿ ತಂದು ಗುಡ್ಡೆ ಹಾಕಿರೋ ಮರಳಿನ ಮೇಲೆ ಹುಲ್ಲು ಬೇರು ಬಿಟ್ಟು ಹಿಡಿದುಕೊಂಡಿದೆ, ಹಂಗಾಗಿ ಅದು ಮರುಭೂಮಿ ಆಗಿಲ್ಲ. ಸುಮಾರು 50,000 ಚದರ ಕಿಲೋಮೀಟರ್, ಅಂದ್ರೆ ನಮ್ಮ ಕರ್ನಾಟಕದ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ. ಪಶ್ಚಿಮ ಗೋಳಾರ್ಧದಲ್ಲೇ ಹುಲ್ಲು ಹಿಡಿದು ನಿಲ್ಲಿಸಿರೋ ಮರಳು ದಿಬ್ಬ ಇಷ್ಟು ದೊಡ್ಡದು ಇನ್ನೊಂದಿಲ್ಲ. ಕೆಳಗೆ ಒಗಲಾಲಾ ಅನ್ನೋ ಅಂತರ್ಜಲದ ಭಂಡಾರ, ದಿಬ್ಬಗಳ ಮಧ್ಯದ ತಗ್ಗಲ್ಲಿ ಆ ನೀರೇ ಮೇಲೆ ಬಂದು ಕೆರೆ ಆಗಿದೆ. ಹುಲ್ಲಿನ ಮಧ್ಯೆ ಅಲ್ಲಲ್ಲಿ ಹಳೇ ಕಾಲದ ವಿಂಡ್‌ಮಿಲ್ ತಿರುಗ್ತಾ ಕರೆಂಟ್ ಇಲ್ದೆ ನೀರೆತ್ತಿ ತಗಡಿನ ತೊಟ್ಟಿಗೆ ತುಂಬಿಸ್ತಾ ಇರುತ್ತೆ. ಮಳೆ ಅಂತ ನೋಡಿದ್ರೆ ಪಶ್ಚಿಮದ ಕಡೆ ವರ್ಷಕ್ಕೆ 17-18 ಇಂಚು, ನಮ್ಮ ಚಳ್ಳಕೆರೆ ಕಡೆ ಬೀಳೋದಕ್ಕೂ ಇದಕ್ಕೂ ಅಂಥ ವ್ಯತ್ಯಾಸ ಇಲ್ಲ. ಹೈವೇಗೆ ಉತ್ತರಕ್ಕಿರೋ ಚೆರಿ ಕೌಂಟಿ ಒಂದೇ ತುಮಕೂರು ಜಿಲ್ಲೆಯ ಒಂದೂವರೆ ಪಟ್ಟು ಇದೆ, ಜನ ಮಾತ್ರ 5,500ರ ಆಸುಪಾಸು. ಇಡೀ ರಾಜ್ಯದಲ್ಲೇ 20 ಲಕ್ಷದ ಹತ್ರ ಜನ ಇದ್ರೆ ದನ 60 ಲಕ್ಷದ ಮೇಲೆ.

ಮಲ್ಲೆನ್‌ನಲ್ಲಿ ರೂಮ್ ಮಾಡಿದ್ವಲ್ಲ, ಅಲ್ಲಿನ ಕೌಂಟರ್‌ನಲ್ಲಿದ್ದ ಹೆಂಗಸು ಬೀಗದ ಕೈ ಕೊಡ್ತಾ ಒಂದು ಮಾತು ಹೇಳಿದ್ರು. "ಇಲ್ಲಿನವರ ಹತ್ರ ಏನು ಬೇಕಾದ್ರೂ ಕೇಳಿ, ಹವಾಮಾನ ಕೇಳಿ, ಹುಲ್ಲು ಹೆಂಗಿದೆ ಕೇಳಿ, ಆದ್ರೆ ದನ ಎಷ್ಟಿದೆ ಅಂತ ಮಾತ್ರ ಕೇಳ್ಬೇಡಿ, ಬ್ಯಾಂಕಲ್ಲಿ ದುಡ್ಡೆಷ್ಟಿದೆ ಅಂತ ಕೇಳಿದ ಹಂಗೆ." ನಮ್ಮ ಕಡೆ ಬಸ್ಸಲ್ಲಿ ಪಕ್ಕ ಕೂತವರು ಮೊದಲು ಕೇಳೋದೇ ಯಾವೂರು, ಆಮೇಲೆ ಎಷ್ಟು ಎಕರೆ, ನೀರಾವರೀನಾ ಖುಷ್ಕೀನಾ, ಮಗ ಏನ್ಮಾಡ್ತಾನೆ ಸಂಬಳ ಎಷ್ಟು. ನನಗೆ ನಮ್ಮ ಕಡೆಯದೇ ಇಷ್ಟ, ಮುಚ್ಚುಮರೆ ಇಲ್ಲ. ಆದ್ರೆ ಅವರದ್ದರಲ್ಲೂ ಒಂದು ಘನತೆ ಇದೆ ಅಂತ ಒಪ್ತೀನಿ, ಇನ್ನೊಬ್ಬನ ಆಸ್ತಿ ಅಳೆಯದೇನೇ ಅವನ ಜೊತೆ ಗಂಟೆಗಟ್ಟಲೆ ಮಾತಾಡ್ಬೋದು ಅನ್ನೋದನ್ನ ನಾವು ಕಲಿಬೇಕು.

ರಸ್ತೇಲಿ ಎದುರಿಗೆ ಬರೋ ಪ್ರತಿಯೊಂದು ಪಿಕಪ್‌ನವರೂ ಸ್ಟಿಯರಿಂಗ್ ಮೇಲಿಂದ ಎರಡು ಬೆರಳೆತ್ತಿ ನಮಸ್ಕಾರ ಹೇಳ್ತಾರೆ, ಗುರುತು ಪರಿಚಯ ಏನೂ ಬೇಡ. ಒಂದು ವಿಂಡ್‌ಮಿಲ್ ಹತ್ರ ಫೋಟೋ ತೆಗೆಯೋಕೆ ಅಂತ ಕಾರು ಪಕ್ಕಕ್ಕೆ ಹಾಕಿದ್ವಿ ನೋಡಿ, ಹಿಂದೆ ಬರ್ತಿದ್ದ ಗಾಡಿ ನಿಂತು "ಏನಾದ್ರೂ ಕೆಟ್ಟಿದೆಯಾ, ನೀರು ಬೇಕಾ" ಅಂತ ಕೇಳ್ತು, ಅದು ಹೋಯ್ತು, ಇನ್ನೊಂದು ಬಂದು ನಿಲ್ತು. ಎರಡನೇ ಗಾಡೀಲಿ ಇದ್ದವರು ಎಪ್ಪತ್ತು ದಾಟಿದ ಒಬ್ಬ ಅಜ್ಜ. ನಾವು ಇಂಡಿಯಾದವರು ಅಂತ ಗೊತ್ತಾಗಿದ್ದೇ ಅವರು ಕೇಳಿದ ಮೊದಲ ಪ್ರಶ್ನೆ, "ನಿಮ್ಮಲ್ಲಿ ದನ ರಸ್ತೆ ಮೇಲೆ ಓಡಾಡುತ್ತಂತೆ, ಹೌದಾ, ಮತ್ತೆ ಅವು ತಿನ್ನೋದೇನು?" ಆಡಿಕೊಳ್ಳೋ ದನಿ ಅಲ್ಲ ಅದು, ದನ ಸಾಕಿದವರು ಕೇಳೋ ಪ್ರಶ್ನೆ. ಪ್ಲಾಸ್ಟಿಕ್ ತಿನ್ನುತ್ತೆ ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ, ಆದ್ರೂ ಹೇಳ್ದೆ. ಅವರು ಒಂದಷ್ಟು ಹೊತ್ತು ಮಾತಾಡ್ಲಿಲ್ಲ, ಆಮೇಲೆ "ನಾಳೆ ನಮ್ಮ ಪಕ್ಕದವರ ಮನೇಲಿ ಬ್ರ್ಯಾಂಡಿಂಗ್ ಇದೆ, ಮಗೂನ ಕರ್ಕೊಂಡು ಬನ್ನಿ" ಅಂದ್ರು.

ಬ್ರ್ಯಾಂಡಿಂಗ್ ಅಂದ್ರೆ ಕರುಗಳಿಗೆ ಬರೆ ಹಾಕಿ ಗುರುತು ಮಾಡೋದು. ಬೆಳಗ್ಗೆ ನಾವು ಹೋಗೋ ಹೊತ್ತಿಗೆ ಸುತ್ತಮುತ್ತಲಿನ ಮನೆಗಳಿಂದ ಐವತ್ತರವತ್ತು ಜನ ಬಂದು ಸೇರಿದ್ರು, ಕುದುರೇನ ಟ್ರೇಲರ್‌ನಲ್ಲಿ ಹೇರ್ಕೊಂಡು ಬಂದಿದ್ರು. ಯಾರಿಗೂ ಕೂಲಿ ಇಲ್ಲ. ಇವತ್ತು ಇವರ ಮನೆಗೆ ಅವರು ಬಂದ್ರೆ ಮುಂದಿನ ವಾರ ಅವರ ಮನೆಗೆ ಇವರು, ನಮ್ಮ ಕಡೆ ನಾಟಿಗೂ ಕಳೆಗೂ ಮುಯ್ಯಾಳು ಹೋಗ್ತಿದ್ರಲ್ಲ ಅದೇ ಪದ್ಧತಿ. ಕುದುರೆ ಮೇಲಿದ್ದವರು ಕರುವಿನ ಹಿಂಗಾಲಿಗೆ ಹಗ್ಗದ ಕುಣಿಕೆ ಎಸೆದು ನಿಧಾನಕ್ಕೆ ಎಳ್ಕೊಂಡು ಬರ್ತಾರೆ, ಕೆಳಗೆ ಇಬ್ಬಿಬ್ಬರು ಹುಡುಗರು ಕಾದಿರ್ತಾರೆ, ಒಬ್ಬ ತಲೆ ಕಡೆ ಮಂಡಿ ಊರಿ ಕೂತ್ರೆ ಇನ್ನೊಬ್ಬ ಹಿಂದಗಡೆ ನೆಲಕ್ಕೆ ಕೂತು ಒಂದು ಕಾಲನ್ನ ಕೈಲಿ ಎಳೆದು ಇನ್ನೊಂದನ್ನ ತನ್ನ ಬೂಟಲ್ಲಿ ಒತ್ತಿ ಹಿಡೀತಾನೆ. ಒಬ್ಬರು ಚುಚ್ಚುಮದ್ದು ಕೊಟ್ಟು ಬೆನ್ನ ಮೇಲೆ ಸೀಮೆಸುಣ್ಣದ ಗೆರೆ ಎಳೀತಾರೆ, ಹೋರಿಗರು ಆದ್ರೆ ಇನ್ನೊಬ್ಬರು ಬೀಜ ತೆಗೀತಾರೆ, ಕೊನೆಗೆ ಗ್ಯಾಸ್ ಬೆಂಕೀಲಿ ಕಾದ ಕಬ್ಬಿಣ. ಕೂದಲು ಸುಟ್ಟ ಹೊಗೆ ಹಳದಿ ಬಣ್ಣಕ್ಕೆ ಏಳುತ್ತೆ, ಆ ವಾಸನೆ ಬಟ್ಟೇಲಿ ಕೂತ್ಬಿಡುತ್ತೆ. ಎಲ್ಲ ಸೇರಿ ಒಂದು ನಿಮಿಷದ ಮೇಲೆ ಆಗಲ್ಲ, ಬಿಟ್ಟ ತಕ್ಷಣ ಕರು ಎದ್ದು ಅಮ್ಮನ ಕಡೆ ಓಡುತ್ತೆ. ಬೇಲಿ ಆಚೆ ತಾಯಿ ಹಸುಗಳೆಲ್ಲ ಅಂಬಾ ಅಂತ ಕೂಗ್ತಾ ಇರ್ತವೆ, ಆ ಕೂಗು ಮಾತ್ರ ಹೊಟ್ಟೆ ಕಿವುಚುತ್ತೆ. ಮಗಳು ನನ್ನ ಕೈ ಬಿಡಲೇ ಇಲ್ಲ. ಬರೆ ಹಾಕೋದು ನೋವೇ, ಅದನ್ನ ನಾನು ಚೆನ್ನಾಗಿದೆ ಅಂತ ಹೇಳಲ್ಲ. ಆದ್ರೆ ನಮ್ಮಲ್ಲೂ ಎತ್ತಿಗೆ ಕಾಲು ನೋವು ಅಂತ ಬರೆ ಎಳೀತಿದ್ರು, ಮೂಗು ಚುಚ್ಚಿ ಮೂಗುದಾರ ಹಾಕ್ತೀವಿ, ಲಾಳ ಕಟ್ಟೋಕೆ ಕೆಡವಿ ಕಟ್ಟಿ ಹಾಕ್ತೀವಿ. ಇವರನ್ನ ಕಟುಕರು ಅನ್ನೋ ಮುಂಚೆ ಅದನ್ನೂ ನೆನಪಿಟ್ಕೋಬೇಕು.

ಆ ಗುರುತಿಗೂ ಒಂದು ಕಾಯ್ದೆ ಇದೆ. ಯಾವ ಮನೆಯದು ಯಾವ ಚಿಹ್ನೆ, ಎಡ ಸೊಂಟಕ್ಕೋ ಬಲ ಪಕ್ಕೆಗೋ ಅನ್ನೋದೆಲ್ಲ ನೆಬ್ರಾಸ್ಕಾ ಬ್ರ್ಯಾಂಡ್ ಕಮಿಟಿ ಹತ್ರ ನೋಂದಣಿ ಆಗಿರುತ್ತೆ, ತಾತನ ಚಿಹ್ನೆ ಮೊಮ್ಮಗನಿಗೆ ಬರುತ್ತೆ, ದನ ಮಾರಿದಾಗ ಇನ್‌ಸ್ಪೆಕ್ಟರ್ ಬಂದು ನೋಡಿ ಬರ್ಕೊಂಡು ಹೋಗ್ತಾರೆ. ಮಧ್ಯಾಹ್ನ ಊಟಕ್ಕೆ ಕರೆದಾಗ ಆ ಮನೆಯ ಅಜ್ಜಿ ಒಂದು ಸಣ್ಣ ಪಾತ್ರೆ ಬೇರೆಯಾಗಿ ತಂದು ನಮ್ಮ ಮುಂದೆ ಇಟ್ರು, ಮಾಂಸ ಹಾಕದೇ ಬೇಯಿಸಿದ ಬೀನ್ಸ್. ನಾವು ಹೇಳಿರಲಿಲ್ಲ. ಅಜ್ಜ ಹಿಂದಿನ ರಾತ್ರಿನೇ ಫೋನ್ ಮಾಡಿ "ಇಂಡಿಯಾದವರು ಬರ್ತಿದಾರೆ, ದನ ತಿನ್ನಲ್ಲ ಇರಬೇಕು" ಅಂದಿದ್ರಂತೆ. ದನ ಮಾರಿ ಬದುಕೋ ಮನೆ ಅದು, ಅಲ್ಲಿ ಕೂತು ನಾವು ದನ ತಿನ್ನಲ್ಲ ಅಂದ್ರೆ ಒಬ್ಬರೂ ಮುಖ ಸಿಂಡರಿಸಲಿಲ್ಲ, ಯಾಕೆ ಅಂತ ವಾದಾನೂ ಮಾಡ್ಲಿಲ್ಲ. ನಮ್ಮೂರಲ್ಲಿ ತಟ್ಟೆ ನೋಡಿ ಜನಾನ ಅಳೆಯೋದು, ಬಾಡಿಗೆ ಮನೆ ಕೊಡೋಕೂ ನೀವೇನು ತಿಂತೀರ ಅಂತ ಕೇಳೋದು ನೆನಪಾಗಿ ನನಗೆ ನಾಚಿಕೆ ಆಯ್ತು.

ಊಟ ಆದ ಮೇಲೆ ಅಜ್ಜ ನಮ್ಮನ್ನ ಅವರ ಜಮೀನಿಗೆ ಕರ್ಕೊಂಡು ಹೋದ್ರು. ದನ ತೋರಿಸ್ತಾರೆ ಅಂತ ನಾನು ಅಂದ್ಕೊಂಡ್ರೆ ಅವರು ಮಂಡಿ ಊರಿ ಕೂತು ಹುಲ್ಲು ಬಿಡಿಸಿ ತೋರಿಸೋಕೆ ಶುರು ಮಾಡಿದ್ರು, ಇದು ಸ್ಯಾಂಡ್ ಬ್ಲೂಸ್ಟೆಮ್, ಇದು ಸ್ಯಾಂಡ್‌ರೀಡ್, ಇದು ನೀಡಲ್ ಅಂಡ್ ಥ್ರೆಡ್, ಇದನ್ನ ದನ ಮೊದಲು ತಿನ್ನುತ್ತೆ, ಇದು ಕಡಿಮೆ ಆಯ್ತು ಅಂದ್ರೆ ನಾನು ಜಾಸ್ತಿ ಮೇಯಿಸಿದೀನಿ ಅಂತ ಅರ್ಥ. "ಅರ್ಧ ಮೇಯಿಸು, ಅರ್ಧ ಬಿಡು" ಅನ್ನೋದು ಅಲ್ಲಿ ಎಲ್ಲರ ಬಾಯಲ್ಲೂ ಇರೋ ಮಾತು. ಒಂದು ತಾಯಿ ಹಸು ಮತ್ತೆ ಕರುಗೆ ವರ್ಷಕ್ಕೆ 15ರಿಂದ 20 ಎಕರೆ ಬೇಕಂತೆ. ಒಂದು ಬೇಲಿಯೊಳಗೆ ಮೇದಿದ್ದು ಸಾಕು ಅಂದ್ರೆ ಇನ್ನೊಂದಕ್ಕೆ ಹೊಡೀತಾರೆ, ಮೊದಲನೇದಕ್ಕೆ ರೆಸ್ಟ್ ಕೊಡ್ತಾರೆ. ಅಕಸ್ಮಾತ್ ಒಂದು ಕಡೆ ಹುಲ್ಲು ಕಿತ್ತುಹೋದ್ರೆ ಗಾಳಿ ಅಲ್ಲಿಂದ ಮರಳು ಎಬ್ಬಿಸಿ ಹಳ್ಳ ತೋಡುತ್ತೆ, ಬ್ಲೋಔಟ್ ಅಂತಾರೆ, ಒಂದು ಕಡೆ ಹಂಗೆ ಹಳೇ ಟೈರ್ ಹಾಸಿ ಅದರ ಸಂದೀಲಿ ಮತ್ತೆ ಹುಲ್ಲು ಬರಿಸೋಕೆ ವರ್ಷಗಳಿಂದ ಒದ್ದಾಡ್ತಿದ್ರು. "ನಾನು ದನ ಬೆಳೆಯೋನಲ್ಲ, ಹುಲ್ಲು ಬೆಳೆಯೋನು, ದನ ಅದನ್ನ ಮಾರ್ಕೆಟ್‌ಗೆ ಹೊತ್ಕೊಂಡು ಹೋಗುತ್ತೆ ಅಷ್ಟೇ" ಅಂದ್ರು.

ನನಗೆ ಇನ್ನೂ ಆಶ್ಚರ್ಯ ಆಗಿದ್ದು ಮರದ ವಿಷಯ. ಹಾಲ್ಸಿ ಅನ್ನೋ ಊರ ಹತ್ರ 1902ರಿಂದ ಕೈಯಲ್ಲೇ ನೆಟ್ಟು ಬೆಳೆಸಿದ ಒಂದು ದೊಡ್ಡ ಸರ್ಕಾರಿ ಕಾಡಿದೆ, ನೋಡೋಕೆ ಚೆಂದ. ಆದ್ರೆ ದನದವರಿಗೆ ರೆಡ್ ಸೀಡರ್ ಮರ ಅಂದ್ರೆ ಆಗಲ್ಲ, ಅದು ತಾನೇ ಹಬ್ಬಿ ಹುಲ್ಲುಗಾವಲು ನುಂಗ್ತಾ ಇದೆ ಅಂತ ಅಕ್ಕಪಕ್ಕದವರೆಲ್ಲ ಸೇರಿ ಲೆಕ್ಕ ಹಾಕಿ ಬೆಂಕಿ ಕೊಟ್ಟು ಸುಡ್ತಾರೆ, ಕಡೀತಾರೆ. ಹುಲ್ಲು ಉಳಿಸೋಕೆ ಮರ ಕಡಿಯೋದು! ನಮ್ಮಲ್ಲಿ ಹುಲ್ಲಿನ ಬಯಲು ಕಂಡ್ರೆ ಅದು "ಬಂಜರು", "ಪಾಳು", ಅಲ್ಲಿ ನೀಲಗಿರಿ, ಅಕೇಶಿಯಾ ನೆಟ್ಟು ಹಸಿರು ಮಾಡಿದ್ವಿ ಅಂತ ಫೋಟೋ ತೆಗೆಸ್ಕೋತೀವಿ. ಹುಲ್ಲೇ ಹಸಿರು ಅನ್ನೋದು ನಮ್ಮ ಕಡತಗಳಿಗೆ ಇನ್ನೂ ಗೊತ್ತಾಗಿಲ್ಲ.

ಇಲ್ಲಿನ ಚರಿತ್ರೆ ಏನೂ ಪುಣ್ಯದ ಚರಿತ್ರೆ ಅಲ್ಲ, ಅದನ್ನೂ ಹೇಳ್ಬೇಕು. ಈ ಹುಲ್ಲು ಮೊದಲು ಕಾಡೆಮ್ಮೆಗಳದ್ದು, ಪೌನಿ ಮತ್ತೆ ಲಕೋಟಾ ಜನರದ್ದು, ಅವರನ್ನ ಎತ್ತಂಗಡಿ ಮಾಡಿ ಬಂದ ಜಾಗ ಇದು. ಬಾರ್ಟ್ಲೆಟ್ ರಿಚರ್ಡ್ಸ್ ಅನ್ನೋ ದೊಡ್ಡ ದನದ ಸಾಹುಕಾರ ಸರ್ಕಾರಿ ಜಮೀನಿಗೆ ಬೇಲಿ ಹಾಕಿ ಸಿಕ್ಕಿಬಿದ್ದು 1911ರಲ್ಲಿ ಶಿಕ್ಷೆ ಅನುಭವಿಸ್ತಾ ಇರುವಾಗಲೇ ಸತ್ತ, ಒತ್ತುವರಿ ಅನ್ನೋದು ನಮಗೊಬ್ಬರಿಗೇ ಬಂದ ರೋಗ ಅಲ್ಲ. 1904ರ ಕಿಂಕೇಡ್ ಕಾಯ್ದೇಲಿ ತಲಾ 640 ಎಕರೆ ಕೊಟ್ಟು ಜನರನ್ನ ಕರೆಸಿದ್ರು, ಬಂದವರು ನೇಗಿಲು ಹೂಡಿದ್ರು, ಮರಳು ಎದ್ದು ಹಾರ್ತು, ಬಹಳ ಜನ ಮಾರಿ ಹೋದ್ರು. ಆ ಪಾಠ ಉಳಿದವರ ತಲೇಲಿ ಇವತ್ತಿಗೂ ಇದೆ.

ಹಂಗಾಗೇ ಕೀಸ್ಟೋನ್ ಎಕ್ಸ್‌ಎಲ್ ಅನ್ನೋ ತೈಲದ ಪೈಪ್‌ಲೈನನ್ನ ಈ ದಿಬ್ಬಗಳ ಮೂಲಕ ಒಯ್ತೀವಿ ಅಂದಾಗ ಇದೇ ದನದವರು ಎದ್ದು ನಿಂತ್ರು. ಚಳವಳಿ ಗಿಳವಳಿ ಅಂದ್ರೆ ಮೂಗು ಮುರಿಯೋ ಜನ ಇವರು, ಆದ್ರೂ 2014ರಲ್ಲಿ ಲಕೋಟಾ ಮತ್ತಿತರ ಮೂಲನಿವಾಸಿಗಳ ಜೊತೆ ಸೇರಿ ಕುದುರೆ ಸಮೇತ ವಾಷಿಂಗ್ಟನ್‌ಗೆ ಹೋಗಿ ಡೇರೆ ಹಾಕಿ ಕೂತ್ರು. ಅಷ್ಟರಲ್ಲಿ ದಾರಿ ಬದಲಾಗಿತ್ತು, ಕೊನೆಗೆ 2021ರಲ್ಲಿ ಯೋಜನೇನೇ ರದ್ದಾಯ್ತು. ಅಜ್ಜ ಇದನ್ನ ಹೇಳ್ತಾ ಇರುವಾಗ ನನಗೆ ನೆನಪಾಗಿದ್ದು ಚಳ್ಳಕೆರೆ.

ನಮ್ಮಲ್ಲೂ ಇಂಥದ್ದೇ ನಾಡಿತ್ತಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆ ದನ ನೋಡ್ಕೊಳ್ಳೋಕೆ ಬೆಣ್ಣೆ ಚಾವಡಿ ಅನ್ನೋ ಇಲಾಖೆ ಇತ್ತು, ಅದನ್ನೇ ಟಿಪ್ಪು ಅಮೃತ್ ಮಹಲ್ ಅಂತ ಕರೆದಿದ್ದು, ಫಿರಂಗಿ ಎಳೆಯೋ, ರಾತ್ರೋರಾತ್ರಿ ಸೈನ್ಯದ ಸಾಮಾನು ಸಾಗಿಸೋ ಎತ್ತುಗಳ ತಳಿ. ಅವುಗಳಿಗೆ ಅಂತ ಹಾಸನ, ಚಿಕ್ಕಮಗಳೂರು, ತುಮಕೂರು, ಚಿತ್ರದುರ್ಗದ ಉದ್ದಗಲಕ್ಕೂ ಕಾವಲು, ಅಂದ್ರೆ ಮೇಯೋಕೆ ಅಂತಲೇ ಹುಲ್ಲಿನ ಬಯಲು, ಬಿಟ್ಟಿದ್ರು, ಒಂದು ಕಾಲಕ್ಕೆ 4 ಲಕ್ಷ ಎಕರೆಗೂ ಮೇಲೆ. ಬೇಸಿಗೆಗೆ ಬೇರೆ ಕಾವಲು, ಮಳೆಗಾಲಕ್ಕೆ ಬೇರೆ, ಚಳಿಗಾಲಕ್ಕೆ ಬೇರೆ, ಗೊಲ್ಲರು ಮಂದೆ ಹೊಡ್ಕೊಂಡು ಒಂದರಿಂದ ಇನ್ನೊಂದಕ್ಕೆ ಹೋಗ್ತಿದ್ರು. ನೆಬ್ರಾಸ್ಕಾದ ಅಜ್ಜ ಬೇಲಿ ಬದಲಾಯಿಸಿ ಹುಲ್ಲಿಗೆ ರೆಸ್ಟ್ ಕೊಡೋ ಲೆಕ್ಕ ನಮ್ಮ ಗೊಲ್ಲರಿಗೆ ಯಾವತ್ತೋ ಗೊತ್ತಿತ್ತು. ಫಿರಂಗಿ ಎಳೆಯೋ ಕೆಲಸ ಹೋಯ್ತು, ಟ್ರ್ಯಾಕ್ಟರ್ ಬಂತು, ಎತ್ತು ಬೇಡವಾಯ್ತು, ಎತ್ತು ಬೇಡ ಅಂದ ಮೇಲೆ ಕಾವಲು ಯಾಕೆ ಅಂತ ಹಂಚ್ತಾ ಹೋದ್ವಿ, ಈಗ ಉಳಿದಿರೋದು ಚಿಕ್ಕ ಪಾಲು. ಚಳ್ಳಕೆರೆ ತಾಲ್ಲೂಕಲ್ಲಿ ಉಳ್ಳಾರ್ತಿ, ಖುದಾಪುರ ಕಡೆ ಸುಮಾರು 10,000 ಎಕರೆ ರಕ್ಷಣೆ ಮತ್ತೆ ವಿಜ್ಞಾನದ ಸಂಸ್ಥೆಗಳಿಗೆ ಹೋಯ್ತು, ಕಾಂಪೌಂಡ್ ಎದ್ದಾಗಲೇ ಎಷ್ಟೋ ಜನಕ್ಕೆ ಗೊತ್ತಾಗಿದ್ದು, ಆಮೇಲೆ ಅವರು ಹಸಿರು ನ್ಯಾಯಮಂಡಳಿ ತನಕ ಅಲೆದ್ರು. ವಿಜ್ಞಾನ ಬೇಡ ಅಂತ ನಾನು ಹೇಳ್ತಿಲ್ಲ. ಕುರಿ ದನ ನಂಬಿ ಬದುಕೋರನ್ನ ಒಂದು ಮಾತು ಕೇಳದೇ ಅವರ ಹುಲ್ಲನ್ನ ಖಾಲಿ ಜಾಗ ಅಂತ ಲೆಕ್ಕ ಹಾಕಿದ್ದು ತಪ್ಪು ಅಂತ ಹೇಳ್ತಿದೀನಿ. ಆವಾಗ ಗೋಮಾತೆ ಹೆಸರಲ್ಲಿ ರಸ್ತೆಗಿಳಿಯೋ ಎಷ್ಟು ಜನ ಆ ಹಳ್ಳಿಗಳಿಗೆ ಹೋಗಿ ನಿಂತ್ರು?

ಅಕ್ಟೋಬರಲ್ಲಿ ಮತ್ತೆ ಹೋದ್ವಿ, ಕರು ಮಾರೋ ಹರಾಜು ನೋಡೋಕೆ. ಗುಂಡಗೆ ಮೆಟ್ಟಿಲು ಇರೋ ಕಟ್ಟಡ, ಮಧ್ಯೆ ಕಟಕಟೆ, ಒಂದೊಂದು ಗುಂಪು ಕರು ಒಳಗೆ ಬಿಟ್ಟ ಕೂಡ್ಲೇ ಹರಾಜು ಕೂಗೋನು ಉಸಿರು ಬಿಡದೇ ರಾಗವಾಗಿ ರೇಟು ಕೂಗ್ತಾನೆ, ಕೊಳ್ಳೋರು ಒಂದು ಬೆರಳು ಅಲ್ಲಾಡಿಸ್ತಾರೆ, ತೂಕ ಬೋರ್ಡ್ ಮೇಲೆ, ರೇಟು ಎಲ್ಲರ ಕಿವಿಗೆ. ಘಾಟಿ ಜಾತ್ರೇಲಿ, ಸಿದ್ಧಗಂಗೆ ಜಾತ್ರೇಲಿ ದಲ್ಲಾಳಿ ಟವೆಲ್ ಕೆಳಗೆ ಕೈ ಹಿಡಿದು ಬೆರಳು ಒತ್ತಿ ರೇಟು ಮಾತಾಡೋದನ್ನ ನೋಡಿದವನಿಗೆ ಇದು ಎಷ್ಟು ಬಯಲು ಅನ್ನಿಸುತ್ತೆ, ರೈತನಿಗೆ ಪಕ್ಕದವನಿಗೆ ಸಿಕ್ಕ ರೇಟು ಗೊತ್ತಾಗುತ್ತೆ, ಅದು ಒಳ್ಳೇದೇ. ಆದ್ರೆ ನಮ್ಮ ಜಾತ್ರೇಲಿ ಎತ್ತಿನ ಹಲ್ಲು ನೋಡ್ತಾರೆ, ಸುಳಿ ನೋಡ್ತಾರೆ, ನಡೆಸಿ ನೋಡ್ತಾರೆ, ಆ ಜೋಡೀನ ಮನೆಗೆ ಕರ್ಕೊಂಡು ಹೋದ್ರೆ ಆರತಿ ಎತ್ತಿ ಒಳಗೆ ಕರ್ಕೋತಾರೆ. ಇಲ್ಲಿ ಆ ಕರುಗಳು ಹೋಗೋದು ಫೀಡ್‌ಲಾಟ್‌ಗೆ, ಸಾವಿರಗಟ್ಟಲೆ ದನ ಒಂದೇ ಕೊಳಚೆ ಅಂಗಳದಲ್ಲಿ ನಿಂತು ಮೆಕ್ಕೆಜೋಳ ತಿಂದು ಕೊಬ್ಬೋದು, ಒಂದೂವರೆ ವರ್ಷದ ಹೊತ್ತಿಗೆ ಮುಗೀತು. ದೇಶದ ಕೊಬ್ಬಿಸಿದ ದನದಲ್ಲಿ ಶೇಕಡಾ 80ಕ್ಕಿಂತ ಹೆಚ್ಚು ಕೊಳ್ಳೋದು ನಾಲ್ಕೇ ನಾಲ್ಕು ಕಂಪನಿ. ಅಷ್ಟು ಜತನದಿಂದ ಹುಲ್ಲು ಕಾಪಾಡಿದ ಅಜ್ಜನಿಗೆ ರೇಟಿನ ಮೇಲೆ ಹಿಡಿತ ಇಲ್ಲ. ಈ ಫೀಡ್‌ಲಾಟ್ ಪದ್ಧತಿ ನಮಗೆ ಬೇಡವೇ ಬೇಡ.

ನಮ್ಮದು? 2020ರ ಗೋಹತ್ಯೆ ನಿಷೇಧ ಕಾಯ್ದೆ ಬಂದ ಮೇಲೆ 13 ವರ್ಷ ದಾಟಿದ ಎಮ್ಮೆ ಕೋಣ ಬಿಟ್ರೆ ಯಾವುದನ್ನೂ ಕಡಿಯೋ ಹಂಗಿಲ್ಲ. ಕೊಲ್ಲಬಾರದು ಅನ್ನೋ ಭಾವನೆ ನನ್ನದೂ ಹೌದು. ಆದ್ರೆ ಹಾಲು ನಿಂತ ಹಸು, ಎಚ್‌ಎಫ್ ಅನ್ನೋ ವಿದೇಶಿ ಹಾಲಿನ ತಳಿಯ ಹೋರಿಗರು ಇವನ್ನ ಎರಡೂವರೆ ಎಕರೆಯ ರೈತ ಯಾವ ಹುಲ್ಲಲ್ಲಿ ಸಾಕ್ಬೇಕು? ಕಾವಲು ಹಂಚಿ, ಗೋಮಾಳ ಸೈಟ್ ಮಾಡಿ, ಕೆರೆ ಅಂಗಳ ಮುಚ್ಚಿ ಆಮೇಲೆ ಅವನಿಗೆ ಸಾಕು ಅಂದ್ರೆ ಆ ದನ ಬರೋದು ರಸ್ತೆಗೇ, ಪ್ಲಾಸ್ಟಿಕ್ ತಿನ್ನೋಕೇ. ಇದಕ್ಕೆ ಉತ್ತರ ನಮ್ಮಲ್ಲೇ ಇದೆ. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮ್ಯಾಸಬೇಡ ಸಮುದಾಯದವರು ದೇವರಿಗೆ ಅಂತ ಬಿಟ್ಟ ಎತ್ತುಗಳ ಮಂದೆ ಇವತ್ತಿಗೂ ಇದೆ, ಅವನ್ನ ಉಳಲ್ಲ, ಮಾರಲ್ಲ, ಕಡಿಯಲ್ಲ, ಅವನ್ನ ಕಾಯೋ ಕಿಲಾರಿಗಳು ಮೇಯಿಸ್ಕೊಂಡು ಬಯಲಲ್ಲೇ ಮಲಗ್ತಾರೆ, ಬರ ಬಂದಾಗ ಮೇವಿಗೆ ಊರೂರು ಕೈ ಚಾಚ್ತಾರೆ. ಹಸು ದೇವರು ಅನ್ನೋ ಮಾತನ್ನ ಮೈಯಲ್ಲಿ ಬದುಕ್ತಾ ಇರೋದು ಆ ಕಿಲಾರಿಗಳು, ಅವರಿಗೆ ಮೇಯಿಸೋಕೆ ಜಾಗ ಬಿಡ್ದೇ ಇರೋದು ನಾವು. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನ 2011ರಲ್ಲಿ ಸಂರಕ್ಷಿತ ಪ್ರದೇಶ ಮಾಡಿದ್ರು, ಕೃಷ್ಣಮೃಗ ಅಲ್ಲಿ ಉಳಿದಿದೆ, ಅಂದ್ರೆ ಮನಸ್ಸು ಮಾಡಿದ್ರೆ ಆಗುತ್ತೆ.

ಇಲ್ಲಿನ ಕನ್ನಡ ಕೂಟಗಳಲ್ಲಿ ಗೋಶಾಲೆಗೆ ಅಂತ ದುಡ್ಡು ಸೇರಿಸ್ತಾರೆ, ನಾವೂ ಕೊಡ್ತಾ ಬಂದಿದೀವಿ, ಅದನ್ನ ನಿಲ್ಲಿಸಿ ಅಂತ ಹೇಳಲ್ಲ. ಮುಂದಿನ ಕಮಿಟಿ ಮೀಟಿಂಗಲ್ಲಿ ನಾನು ಕೇಳೋದು ಎರಡೇ, ಆ ದುಡ್ಡಲ್ಲಿ ಅರ್ಧ ಬೇಸಿಗೇಲಿ ದೇವರ ಎತ್ತಿನ ಹಟ್ಟಿಗಳಿಗೆ ಮೇವಾಗಿ ಹೋಗ್ಲಿ, ಮತ್ತೆ ಕಾವಲು, ಗೋಮಾಳ ಉಳಿಸೋಕೆ ಕೋರ್ಟಿಗೆ ಅಲೆಯೋ ಹಳ್ಳಿಯವರ ವಕೀಲರ ಫೀಸಿಗೆ ಒಂದಷ್ಟು ಎತ್ತಿಡೋಣ. ಮೇವಿನ ಲಾರಿ ಲೆಕ್ಕ ಹಾಕೋಕೆ ಊರ ಕಡೆ ಇರೋ ನೆಂಟರಿಗೆ ಆಗಲೇ ಫೋನ್ ಮಾಡಿದೀನಿ, ಫೆಬ್ರವರಿ ಒಳಗೆ ಹೊಂದಿಸಿದ್ರೆ ರೇಟು ಏರೋ ಮುಂಚೆ ರಾಗಿ ಹುಲ್ಲು ಸಿಗುತ್ತಂತೆ.